ಮೂರನೆಯ ಬೋರಿನ ಮಣ್ಣು

ನರಹರಿ ಐತಾಳರು ಮಣ್ಣನ್ನು ಹಲ್ಲಿನಿಂದ ಪರೀಕ್ಷಿಸುತ್ತಿದ್ದರು. ನೆಲದಾಳದಿಂದ ಬಂದ ಹೆಂಟೆಯಿಂದ ಕಡಲೆಕಾಳಿನಷ್ಟು ಕಿತ್ತು, ಮುಂಬಲ್ಲುಗಳ ನಡುವೆ ಇಟ್ಟು ಒಮ್ಮೆ ಉಜ್ಜುವರು. ಕರಕರ ಎಂದರೆ ಅದರಲ್ಲಿ ಹೂಳಿನ ಕಣವಿದೆ. ಬೆಣ್ಣೆಯಂತೆ ಜಾರಿದರೆ ಅಪ್ಪಟ ಜೇಡಿ. ಪ್ರಯೋಗಾಲಯದ ವರದಿ ಬರಲು ವಾರ ಹಿಡಿಯುತ್ತಿತ್ತು, ಹಲ್ಲಿನ ವರದಿ ನಿಂತಲ್ಲೇ ಸಿಗುತ್ತಿತ್ತು. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಈ ಎರಡು ವರದಿಗಳು ಒಂದಕ್ಕೊಂದು ಹೊಂದದೆ ಹೋದದ್ದು ನಾಲ್ಕು ಸಲ. ಆ ನಾಲ್ಕರ ದಿನಾಂಕಗಳೂ ಅವರ ನೋಟುಪುಸ್ತಕದಲ್ಲಿ ಇದ್ದವು.

"ಕೋಲ್ಕತ್ತೆಯ ಅರ್ಧ ಮಣ್ಣು ಇವರ ಹೊಟ್ಟೆಯಲ್ಲುಂಟು," ಎಂದು ಅವರ ಹೆಂಡತಿ ಸಾವಿತ್ರಿ ಬಂದವರ ಮುಂದೆ ಹೇಳುತ್ತಿದ್ದರು. "ಉಳಿದ ಅರ್ಧ ಅಂಗಿಯಲ್ಲುಂಟು. ಅದನ್ನು ಒಗೆಯುವವಳು ನಾನು."

ಐತಾಳರು ಕುಂದಾಪುರದ ಕಡೆಯವರು. ಮನೆಯ ಹಿಂದೆ ಬಾವಿ ತೋಡಿದಾಗ ಮೊದಲು ಮುರಕಲ್ಲು, ಆಮೇಲೆ ಬಿಳಿಯ ಶೇಡಿಮಣ್ಣು, ಅದರಡಿಯಲ್ಲಿ ಹಾರೆಯನ್ನೇ ಹಿಂದಕ್ಕೆ ಎಸೆಯುವ ಕರಿಬಂಡೆ ಬಂದದ್ದನ್ನು ಕಂಡು, ನೆಲಕ್ಕೆ ಒಳಗೊಂದು ಕ್ರಮವಿದೆ ಎಂದು ತಿಳಿದುಕೊಂಡವರು. ಮೈಸೂರಿನಲ್ಲಿ ಭೂವಿಜ್ಞಾನ ಓದಿದರು. ಬ್ಯಾಂಕಿನ ಕೆಲಸದಲ್ಲಿ ಕೋಲ್ಕತ್ತೆಗೆ ಬಂದಿದ್ದ ಭಾವ ಲಕ್ಷ್ಮೀನಾರಾಯಣರು ಒಂದು ಮಣ್ಣು ಪರೀಕ್ಷೆಯ ಕಂಪನಿಯ ವಿಳಾಸ ಕೊಟ್ಟರು. ೧೯೯೯ರಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, "ಇಲ್ಲಿ ಬಂಡೆ ಎಷ್ಟು ಅಡಿಗೆ ಸಿಗುತ್ತದೆ?" ಎಂದು ಕೇಳಿದ್ದಕ್ಕೆ ಕಚೇರಿಯವರೆಲ್ಲ ನಕ್ಕರು. ಬಂಡೆ ಇರುವುದು ಕಿಲೋಮೀಟರುಗಳಷ್ಟು ಕೆಳಗೆ. ಗಂಗೆ ತಂದು ಸುರಿದ ಕೆಸರಿನ ಮೇಲೆ ಇಡೀ ಊರು ಕುಳಿತಿದೆ ಎಂಬುದನ್ನು ಬಂಡೆಯ ನಾಡಿನ ಆ ಮನುಷ್ಯನಿಗೆ ಜೀರ್ಣಿಸಿಕೊಳ್ಳಲು ಬಹಳ ದಿನ ಬೇಕಾಯಿತು.

ಆದರೆ ಕೆಸರಿಗೂ ಕ್ರಮವಿತ್ತು. ಮೇಲೆ ಐದಾರು ಮೀಟರು ಕಂದು ಜೇಡಿ. ಅದರಡಿ ಹದಿನೈದು ಮೀಟರಿನ ತನಕ ಮೆತ್ತನೆಯ ಬೂದು ಜೇಡಿ. ನಡುನಡುವೆ ಕೊಳೆತ ಮರದ ಕರಿಚೂರುಗಳು, ಯಾವ ಕಾಲದಲ್ಲೋ ಹೂತುಹೋದ ಜೌಗುಕಾಡಿನವು. ಅದಕ್ಕೂ ಕೆಳಗೆ ಸುಣ್ಣದ ಹರಳುಗಳಿರುವ ಗಟ್ಟಿಯಾದ ನೀಲಿಬೂದು ಜೇಡಿ, ಆಮೇಲೆ ಮರಳು. ಮೂರು ಕಾಲಿನ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ, ಬೋರು ಕೊರೆದು, ಅರವತ್ತಮೂರೂವರೆ ಕಿಲೋ ತೂಕದ ಸುತ್ತಿಗೆಯನ್ನು ಎತ್ತಿ ಬಿಟ್ಟು, ಕೊಳವೆ ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸಬೇಕು. ಪೆಟ್ಟು ಕಡಿಮೆಯಾದರೆ ಮಣ್ಣು ಮೆತ್ತಗೆ. ಪ್ರತಿ ಆಳದ ಮಣ್ಣನ್ನು ಗಾಜಿನ ಬಾಟಲಿಗೆ ತುಂಬಿ, ಮೇಣ ಹಚ್ಚಿ, ಚೀಟಿ ಅಂಟಿಸಬೇಕು. ಕೊರೆಸುವವನು ಮೇಸ್ತ್ರಿ ಕಲ್ಲಪ್ಪ, ಬಾಗಲಕೋಟೆಯ ಕಡೆಯವನು. ಬರೆದು ಸಹಿ ಮಾಡುವವರು ಐತಾಳರು. ಆ ಸಹಿಯ ಮೇಲೆ ಎಷ್ಟೋ ಕಟ್ಟಡಗಳು ಎದ್ದವು.

ಅವುಗಳಲ್ಲಿ ಒಂದು ಬೆಹಾಲಾದ ಒಂದು ಓಣಿಯಲ್ಲಿನ ಐದು ಅಂತಸ್ತಿನ ಕಟ್ಟಡ. ೨೦೧೦ರಲ್ಲಿ ಅದರ ಮಣ್ಣನ್ನು ಪರೀಕ್ಷಿಸಿದ ಐತಾಳರು, ೨೦೧೨ರಲ್ಲಿ ಅಲ್ಲಿಯೇ ಮೂರನೆಯ ಅಂತಸ್ತಿನಲ್ಲಿ ಮನೆ ಕೊಂಡರು. ಅಡಿಪಾಯದಡಿ ಏನಿದೆಯೆಂದು ಬಲ್ಲವನು ಬೇರೆಡೆ ಏಕೆ ಕೊಳ್ಳಬೇಕು? ವರದಿ ಸಲ್ಲಿಸಿದ ಮೇಲೆ ಕಂಪನಿ ಎಸೆಯಲಿದ್ದ ಬಾಟಲಿಗಳಲ್ಲಿ ಮೂವತ್ತನ್ನು, ಎಂದರೆ ಮೂರು ಬೋರುಗಳಿಂದ ತಲಾ ಹತ್ತನ್ನು, ಮರದ ಪೆಟ್ಟಿಗೆಯೊಂದರಲ್ಲಿ ಹಾಕಿ ಮಂಚದಡಿ ಇಟ್ಟುಕೊಂಡರು. ಉಳಿದವರು ಮನೆಯ ಕಾಗದಪತ್ರ ಜೋಪಾನ ಮಾಡಿದಂತೆ ಅವರು ಮನೆಯ ಮಣ್ಣನ್ನು ಜೋಪಾನ ಮಾಡಿದರು.

ಈ ವರ್ಷದ ಮಳೆಗಾಲದಲ್ಲಿ ಕಟ್ಟಡ ವಾಲತೊಡಗಿತು. ಮೊದಲು ಆಗ್ನೇಯ ಮೂಲೆಯ ಮನೆಗಳಲ್ಲಿ ಬಾಗಿಲುಗಳು ತಾವಾಗಿ ತೆರೆದುಕೊಂಡವು. ಆಮೇಲೆ ಪಕ್ಕದ ಕಟ್ಟಡಕ್ಕೂ ಇದಕ್ಕೂ ತಾರಸಿಯಲ್ಲಿ ಒಂದಡಿ ಇದ್ದ ಅಂತರ ಏಳಂಗುಲಕ್ಕೆ ಇಳಿಯಿತು. ನಿವಾಸಿಗಳ ಸಮಿತಿಯ ಅಧ್ಯಕ್ಷ ತಪನ್ ಘೋಷಾಲ್ ಹೊರರಾಜ್ಯದಿಂದ ಒಬ್ಬ ಗುತ್ತಿಗೆದಾರನನ್ನು ಕರೆಸಿದರು. ಅವನು ಜ್ಯಾಕುಗಳನ್ನು ಕೊಟ್ಟು ಕಟ್ಟಡವನ್ನೇ ಎತ್ತಿ ನೇರ ಮಾಡುವವನು. ಕೆಳಗಿನ ನೆಲ ಗಟ್ಟಿಯಾಗಿದ್ದರೆ ಒಳಗಿನ ಜನ ಕದಲಬೇಕಾಗಿಲ್ಲ, ಅಡುಗೆ ಮಾಡಿಕೊಂಡೇ ಇರಬಹುದು ಎಂದ. ತಾರಸಿಯ ಸಭೆಯಲ್ಲಿ ಹದಿನಾಲ್ಕು ಮನೆಗಳವರೂ ಐತಾಳರ ಮುಖ ನೋಡಿದರು. ಅಲ್ಲಿ ಎಲ್ಲರೂ ಅವರನ್ನು 'ಮಾಟಿ ಬಾಬು', ಮಣ್ಣಿನ ಬಾಬು, ಎಂದೇ ಕರೆಯುತ್ತಿದ್ದುದು.

"ಮೂರು ಬೋರು ಕೊರೆದಿದ್ದೇವೆ. ಅಷ್ಟೂ ಮಣ್ಣು ನನ್ನ ಕೈಯಲ್ಲಿ ಹಾದು ಹೋಗಿದೆ," ಎಂದರು ಐತಾಳರು. "ನೆಲದ ದೋಷವಲ್ಲ. ಎಲ್ಲೋ ಕಂಬದ ಕೆಲಸ ಕೆಟ್ಟಿರಬೇಕು."

ಆ ಮಾತಿನ ಮೇಲೆ ಯಾರೂ ಮನೆ ಬಿಡುವುದು ಬೇಡ ಎಂದು ತೀರ್ಮಾನವಾಯಿತು. ಆಗಸ್ಟ್ ಇಪ್ಪತ್ತೈದು, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಜ್ಯಾಕುಗಳು ಬರುವವು.

ಅದರ ಹಿಂದಿನ ದಿನ, ಭಾನುವಾರ, ನ್ಯೂ ಟೌನಿನ ಕನ್ನಡಿಗರು ಕೆಲವರು ಸೇರಿ ತಮ್ಮ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಭೂಮಿಯ ಒಳಗೆ ಏನಿದೆ ಎಂದು ಐತಾಳರು ಹೇಳಬೇಕು. ಏರ್ಪಾಡು ಮಾಡಿದ್ದ, ಸೆಕ್ಟರ್ ಫೈವಿನಲ್ಲಿ ಕೆಲಸದಲ್ಲಿರುವ ಬೆಂಗಳೂರಿನ ಐಶ್ವರ್ಯಾ ಫೋನಿನಲ್ಲೇ ಎಚ್ಚರಿಸಿದ್ದಳು: "ಅಂಕಲ್, ಅರ್ಧ ಗಂಟೆ ಸಾಕು. ಲಾವಾ ಗೀವಾ ಇದ್ರೆ ಮಕ್ಕಳು ಕೂತ್ಕೋತಾರೆ. ಇಲ್ದಿದ್ರೆ ಎದ್ದು ಹೋಗ್ತಾರೆ, ನನ್ನ ಬೈಬೇಡಿ."

ಗುರುವಾರ ಸಂಜೆ ಕಚೇರಿಯಿಂದ ಬಂದವರೇ ಐತಾಳರು ಊಟದ ಮೇಜನ್ನು ತೆರವು ಮಾಡಿಸಿ ಸಿದ್ಧತೆಗೆ ಕುಳಿತರು. ಹತ್ತನೆಯ ತರಗತಿಯ ಮಗಳು ದೀಕ್ಷಿತಾ ದಪ್ಪ ಕಾಗದದ ಮೇಲೆ ವೃತ್ತಗಳನ್ನು ಎಳೆದಳು. ಕೇಂದ್ರದವರೆಗೆ ಆರು ಸಾವಿರದ ಮುನ್ನೂರ ಎಪ್ಪತ್ತೊಂದು ಕಿಲೋಮೀಟರ್. ಮೇಲಿನ ಭೂಕವಚ ಮಾವಿನ ಹಣ್ಣಿನ ಸಿಪ್ಪೆಯಷ್ಟು. ಅದರಡಿ ಎರಡು ಸಾವಿರದ ಒಂಬೈನೂರು ಕಿಲೋಮೀಟರಿನ ಆಳದ ತನಕ ಮ್ಯಾಂಟಲ್. ಆಮೇಲೆ ಕರಗಿದ ಲೋಹದ ಹೊರ ಕೇಂದ್ರಗೋಳ, ನಟ್ಟನಡುವೆ ಗಟ್ಟಿಯಾದ ಒಳ ಕೇಂದ್ರಗೋಳ. ಮನುಷ್ಯ ಈ ತನಕ ಕೊರೆದ ಅತ್ಯಂತ ಆಳದ ರಂಧ್ರ ಹನ್ನೆರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಸಿಪ್ಪೆಯ ಅರ್ಧವನ್ನೂ ಅದು ದಾಟಿಲ್ಲ.

"ಮತ್ತೆ ಯಾರೂ ನೋಡ್ಲಿಲ್ಲ ಅಂದ್ರೆ ಹೌ ಡು ದೇ ನೋ, ಪಪ್ಪಾ?" ಎಂದಳು ದೀಕ್ಷಿತಾ.

"ಭೂಕಂಪದ ಅಲೆ ಉಂಟಲ್ಲ, ಅದರಿಂದ. ಅದರಲ್ಲಿ ಒಂದು ಜಾತಿಯ ಅಲೆ ದ್ರವದ ಒಳಗೆ ಹೋಗುದೇ ಇಲ್ಲ. ಭೂಮಿಯ ಆಚೆ ಬದಿಯಲ್ಲಿ ಕಾದು ಕೂತವರಿಗೆ ಅದು ಬರ್ಲೇ ಇಲ್ಲ. ಬಾರದ ಕಾರಣ ಗೊತ್ತಾಯ್ತು, ಒಳಗೆ ಎಂತದೋ ಕರಗಿದ್ದು ಉಂಟು ಅಂತ."

"ಸೋ ಎಲ್ಲಾ ಗೆಸ್ಸಾ?"

"ಗೆಸ್ ಅಲ್ಲ ಮಗಾ. ಒಬ್ಬರು ಹೇಳಿದ್ದನ್ನು ಹತ್ತು ಜನ ಬೇರೆ ಬೇರೆ ಕಡೆ ಅಳೆದು ನೋಡಿದ್ದಾರೆ. ಸುಮ್ಮನೆ ಸಹಿ ಹಾಕಿದ್ದಲ್ಲ."

ಚಿತ್ರ ನೋಡಿದ ಮಕ್ಕಳಿಗೆ ಕೈಯಲ್ಲಿ ಮುಟ್ಟಲೂ ಏನಾದರೂ ಇರಬೇಕೆಂದು ಅವರು ಮಂಚದಡಿಯ ಪೆಟ್ಟಿಗೆಯನ್ನು ಎಳೆದರು. ಹದಿನೈದು ವರ್ಷಗಳ ಮೇಲೆ ಮೇಣ ಒಡೆದು ಬಾಟಲಿಗಳು ತೆರೆದುಕೊಂಡವು. ಮಣ್ಣು ಒಣಗಿ, ಕುಗ್ಗಿ, ಗಾಜನ್ನು ಬಿಟ್ಟು ನಿಂತಿತ್ತು. ದೀಕ್ಷಿತಾ ಒಂದೊಂದನ್ನೂ ಕಾಗದದ ಮೇಲೆ ಬಗ್ಗಿಸಿ ಸಾಲು ಮಾಡಿದಳು: ಅಡ್ಡಕ್ಕೆ ಬೋರು, ಉದ್ದಕ್ಕೆ ಆಳ. ಐತಾಳರು ಚೀಟಿಗಳನ್ನು ಬರೆಯುತ್ತಿದ್ದರು.

"ಪಪ್ಪಾ, ಲುಕ್. ಫಿಟ್ ಆಗ್ತದೆ."

ಅವಳ ಒಂದು ಕೈಯಲ್ಲಿ ಎರಡನೆಯ ಬೋರಿನ ಹನ್ನೆರಡು ಮೀಟರಿನ ಹೆಂಟೆಯಿಂದ ಬಿದ್ದ ಮರದ ಚೂರು. ಇನ್ನೊಂದರಲ್ಲಿ ಮೂರನೆಯ ಬೋರಿನ ಅದೇ ಆಳದ್ದು. ಎರಡೂ ಕಿರುಬೆರಳಿನಷ್ಟು ಉದ್ದದವು, ಇದ್ದಿಲಿನಂತೆ ಕಪ್ಪು.

"ಹಳೆ ಮರದ ಚೂರು ಎಲ್ಲಾ ಒಂದೇ ತರ ಕಾಣ್ತದೆ," ಎಂದು ಅವರು ತಲೆಯೆತ್ತದೆ ಹೇಳಿದರು.

"ಕಾಣುದಲ್ಲ. ಫಿಟ್ ಆಗುದು. ಇಲ್ಲಿ ನೋಡಿ ನೀವು."

ಐತಾಳರು ಭೂತಗನ್ನಡಿ ತೆಗೆದುಕೊಂಡರು. ಮುರಿದ ಜಾಗದಲ್ಲಿ ಮರದ ಒಂದು ಗಂಟಿತ್ತು. ಗಂಟಿನ ಅರ್ಧ ಈ ಚೂರಿನಲ್ಲಿ, ಅರ್ಧ ಆ ಚೂರಿನಲ್ಲಿ. ಜೋಡಿಸಿದಾಗ ಅದರ ಉಂಗುರಗಳು ಒಂದೂ ತಪ್ಪದೆ ಕೂಡಿಕೊಂಡವು. ಎರಡನೆಯ ಬೋರಿಗೂ ಮೂರನೆಯದಕ್ಕೂ ನಡುವೆ ಹದಿನೆಂಟು ಮೀಟರಿನ ಅಂತರ.

ಮಗಳು ಬಾಟಲಿಗಳನ್ನು ಅದಲುಬದಲು ಮಾಡಿರಬೇಕು ಎಂದು ಅವರಿಗೆ ಮೊದಲು ಅನ್ನಿಸಿತು. ಸ್ವಲ್ಪ ಒರಟಾಗಿಯೇ ಕೇಳಿದರು. ಅವಳು ಮುಖ ಊದಿಸಿಕೊಂಡು ಚೀಟಿಗಳನ್ನು ತೋರಿಸಿದಳು. ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು. ಅವರು ಹದಿನೈದು ಮೀಟರಿನ ಎರಡು ಹೆಂಟೆಗಳನ್ನು ಎತ್ತಿಕೊಂಡರು. ಎರಡಕ್ಕೂ ಒಂದೊಂದು ಬದಿ ಸಪಾಟಾಗಿತ್ತು, ತಂತಿಯಿಂದ ಕೊಯ್ದಂತೆ. ಆ ಬದಿಗಳನ್ನು ಒಂದಕ್ಕೊಂದು ಹಿಡಿದರು. ತುಕ್ಕಿನ ಬಣ್ಣದ ಒಂದು ಗೆರೆ ಈ ಹೆಂಟೆಯಿಂದ ಆ ಹೆಂಟೆಗೆ ನೇರವಾಗಿ ದಾಟಿಹೋಯಿತು. ಹದಿನೆಂಟು ಮೀಟರಿನದೂ ಹಾಗೆಯೇ. ಇಪ್ಪತ್ತೊಂದರದೂ ಹಾಗೆಯೇ.

ಎದ್ದು ಹೋಗಿ ೨೦೧೦ರ ನೋಟುಪುಸ್ತಕ ಹುಡುಕಿ ತೆಗೆದರು. ಮೂರನೆಯ ಬೋರು: ಫೆಬ್ರವರಿ ಹನ್ನೊಂದರಿಂದ ಹದಿಮೂರು. ಆದರೆ ಆ ತಿಂಗಳ ಎಂಟರಿಂದ ಹತ್ತೊಂಬತ್ತರವರೆಗಿನ ಪುಟಗಳಲ್ಲಿ ಬೇರೆಯೇ ವಿಷಯ ಇತ್ತು: ಕುಂದಾಪುರ, ಆಸ್ಪತ್ರೆ, ಹನ್ನೆರಡನೆಯ ತಾರೀಖು ಹೆಣ್ಣುಮಗು, ಎರಡು ಕಿಲೋ ಒಂಬೈನೂರು ಗ್ರಾಮ್. ಇಪ್ಪತ್ತೆರಡರಂದು ಕಚೇರಿಯಲ್ಲಿ ಎಲ್ಲರಿಗೂ ಸಂದೇಶ್ ಮಿಠಾಯಿ ಹಂಚಿ, ಅದೇ ಮಧ್ಯಾಹ್ನ ಮೂರು ಬೋರುಗಳ ವರದಿಗೆ ಸಹಿ ಹಾಕಿದ್ದರು. ಮೂರನೆಯದು ಆಗ್ನೇಯ ಮೂಲೆಯ ಬೋರು. ಈಗ ವಾಲುತ್ತಿರುವುದೂ ಅದೇ ಮೂಲೆ.

"ಎಂತ ಆಯ್ತು ನಿಮಗೆ? ಮುಖ ಯಾಕೆ ಹಾಗೆ?" ಎನ್ನುತ್ತ ಅಡುಗೆಮನೆಯಿಂದ ಬಂದ ಸಾವಿತ್ರಿ, ಉತ್ತರ ಕೇಳಿ ಕೈಯಲ್ಲಿದ್ದ ಸೌಟನ್ನು ಮಣ್ಣಿನ ಸಾಲಿನ ನಡುವೆಯೇ ಇಟ್ಟುಬಿಟ್ಟರು. ಆಮೇಲೆ ಇಷ್ಟೇ ಹೇಳಿದರು: "ಹಾಗಾದ್ರೆ ನಾವು ಎಂತದರ ಮೇಲೆ ಮಲಗಿದ್ದು, ಇಷ್ಟು ವರ್ಷ?"

ಮರುದಿನ ಬೆಳಿಗ್ಗೆ ಐತಾಳರು ಕಚೇರಿಗೆ ರಜೆ ಹೇಳಿ, ಬಸ್ಸು ಹಿಡಿದು ಠಾಕೂರ್‌ಪುಕುರಿಗೆ ಹೋದರು. ಕಲ್ಲಪ್ಪ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಬಂಗಾಳಿ ಹೆಂಡತಿಯ ತವರಿನ ಓಣಿಯಲ್ಲೇ ಮನೆ ಮಾಡಿಕೊಂಡು, ಜಗುಲಿಯಲ್ಲಿ ಕುಳಿತು ಮೊಮ್ಮಕ್ಕಳಿಗೆ ಬಾಗಲಕೋಟೆಯ ಬೈಗಳನ್ನು ಕಲಿಸುತ್ತಿದ್ದ.

"ಬರ್ರಿ ಬರ್ರಿ ಐತಾಳ್ರ! ಮಣ್ಣ ತಿನ್ನೋದ ಬಿಟ್ಟು ಈ ಕಡೆ ಹ್ಯಾಂಗ ಬಂದ್ರಿ? ಏ, ಚಾ ತಾ."

ಐತಾಳರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಎರಡು ಮರದ ಚೂರುಗಳನ್ನು ಜಗುಲಿಯ ಮೇಲೆ ಇಟ್ಟು ಜೋಡಿಸಿದರು. ಕಲ್ಲಪ್ಪ ಬಾಗಿ ನೋಡಿದ. ನಗು ಮುಖದ ಮೇಲೆ ಇನ್ನೂ ಇದ್ದ ಹಾಗೆಯೇ ಅವನ ಕಣ್ಣುಗಳು ಬದಲಾದವು.

"ಹದಿನೈದ ವರ್ಷ ಇಟ್ಕೊಂಡೀರೇನ್ರೀ ಇದನ್ನ?"

"ಮೂರನೇ ಬೋರು ಹೊಡೀಲೇ ಇಲ್ವಾ, ಕಲ್ಲಪ್ಪ?"

"ಹೊಡಿಯಾಕ ಹೋಗಿದ್ವಿರೀ. ಮುಕ್ಕಾಲಿ ನಿಂದರಲಿಲ್ಲ. ಒಂದ ಕಾಲು ಮೊಣಕಾಲುದ್ದ ಹೂತಕೊಂತು, ಎಬ್ಬಸಾಕ ಆರ ಮಂದಿ ಬೇಕಾತು. ನೀವಿರಲಿಲ್ಲ. ಆ ಕಟ್ಟೋ ಧಣಿ ಮಂದಿ ಎರಡ ದಿನದಾಗ ಮುಗಸಂತ ತಲಿಮ್ಯಾಲೆ ಕುಂತ್ರು. ಹದಿನೆಂಟ ಮೀಟರ್ ಅತ್ಲಾಗ ಭೂಮಿ ಏನ ಬದಲ ಆಕ್ಕೈತಿ ಅಂದ್ಕೊಂಡೆ. ಎರಡನೇದರ ಮಣ್ಣ ತಂತಿಲೆ ಕೊಯ್ದು ಎರಡ ಪಾಲ ಮಾಡಿದೆ. ಪೆಟ್ಟಿನ ಲೆಕ್ಕ ಒಂದೆರಡ ಹೆಚ್ಚುಕಮ್ಮಿ ಬರಸಿದೆ."

"ನಾನು ಬಾಯಿಗೆ ಹಾಕಿ ನೋಡಿದ್ದೆ! ಪ್ರತಿಯೊಂದು ಬಾಟಲಿ!"

"ಅದಕ್ಕರೀ. ಬ್ಯಾರೆ ಕಡೀ ಮಣ್ಣ ತುಂಬಿದ್ರ ನಿಮ್ಮ ಹಲ್ಲು ಹಿಡೀತಿತ್ತು," ಎಂದ ಕಲ್ಲಪ್ಪ, ನೆಲ ನೋಡುತ್ತ. "ಅದು ಸುಳ್ಳ ಮಣ್ಣಲ್ಲರೀ. ಖರೇನ ಮಣ್ಣ. ಜಾಗ ಅಷ್ಟ ಸುಳ್ಳು."

ಐತಾಳರಿಗೆ ಸಿಟ್ಟು ಬರಬೇಕಾಗಿತ್ತು. ಅದು ಬರಲಿಲ್ಲ. ಇಪ್ಪತ್ತಾರು ವರ್ಷ ಯಾವುದನ್ನು ತಮ್ಮ ವಿದ್ಯೆ ಎಂದು ನಂಬಿದ್ದರೋ, ಅದನ್ನು ಚೆನ್ನಾಗಿ ಅರಿತ ಒಬ್ಬನು ಅದನ್ನೇ ಗಾಳವಾಗಿ ಬಳಸಿಕೊಂಡಿದ್ದ. ಅವರು ಮಣ್ಣನ್ನು ಪರೀಕ್ಷಿಸಿದ್ದರು. ಮಣ್ಣು ಎಲ್ಲಿಯದೆಂದು ಒಂದು ಮಾತು ಕೇಳಿರಲಿಲ್ಲ.

"ನಾನು ಅಲ್ಲೇ ಮನೆ ತಗೊಂಡೆ. ನೀನು ಗೃಹಪ್ರವೇಶಕ್ಕೆ ಬಂದಿದ್ದಿ."

"ಬಂದಿದ್ದೆ. ನೀವು ಒಬ್ಬಟ್ಟ ಬಡಸಿದ್ರಿ. ಅದನ್ನ ಎಲಿಯಾಗ ಬಿಟ್ಟು ಎದ್ದೆರೀ. ಆದ್ರ ಅಷ್ಟೊತ್ತಿಗೆ ಐದ ಅಂತಸ್ತು ಎದ್ದ ನಿಂತಿತ್ತು. ಏನಂತ ಬಾಯಿ ತಗೀಲಿ?"

ಕಟ್ಟಡ ವಾಲಿದ್ದು, ಸೋಮವಾರ ಜ್ಯಾಕು ಬರುವುದು ಎಲ್ಲವನ್ನೂ ಹೇಳುವಷ್ಟರಲ್ಲಿ ಚಹಾ ಬಂದು ಆರಿತು. ಐತಾಳರು ಕೇಳಿದರು: "ಇದೊಂದೇನಾ, ಬೇರೆಯೂ ಉಂಟಾ?"

ಕಲ್ಲಪ್ಪ ಓಣಿಯ ಕಡೆ ತಿರುಗಿದ. "ಅದನ್ನ ಈಗ ಕೇಳಬ್ಯಾಡ್ರಿ. ಸೋಮವಾರದ ಮಾತ ನೋಡ್ರಿ ಮೊದಲ. ಬಾಯಿಮಾತು ಯಾರೂ ನಂಬಂಗಿಲ್ಲ. ನಾಳೆ ಮುಂಜಾನೆ ಕೈಲೆ ತಿರುವೋ ಆಗರ್ ತರ್ತೀನಿ. ಅವತ್ತ ಹೊಡೀದದ್ದನ್ನ ಈಗ ಹೊಡಿಯೂಣು."

ಶನಿವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ಕಟ್ಟಡದ ಆಗ್ನೇಯ ಮೂಲೆಯಲ್ಲಿ, ಗೋಡೆಯಿಂದ ನಾಲ್ಕಡಿ ಬಿಟ್ಟು, ಆಗರ್ ಊರಿದರು. ದೊಡ್ಡ ತಿರುಪುಮೊಳೆಯಂತಹ ಸಲಕರಣೆ. ಮೇಲಿನ ಅಡ್ಡಪಟ್ಟಿ ಹಿಡಿದು ತಿರುಗಿಸಿದಂತೆ ಇಳಿಯುತ್ತದೆ, ಎಳೆದಾಗ ಮಣ್ಣನ್ನು ಕಚ್ಚಿಕೊಂಡು ಬರುತ್ತದೆ. ಕೆಳಗೆ ಇಳಿದ ಹಾಗೆ ಸರಳಿಗೆ ಸರಳು ಸೇರಿಸಬೇಕು. ಘೋಷಾಲ್ ಚಹಾದ ಕಪ್ಪು ಹಿಡಿದುಕೊಂಡು ಬಂದರು.

"ಏನಿದು ಮಾಟಿ ಬಾಬು? ಸೋಮವಾರ ಜ್ಯಾಕ್ ಬರುತ್ತವೆ, ನೀವಿಲ್ಲಿ ಬದನೆ ಗಿಡ ನೆಡುತ್ತಿದ್ದೀರಾ?"

"ಹತ್ತು ನಿಮಿಷ ನಿಲ್ಲಿ ದಾದಾ. ನಿಮ್ಮ ಕಣ್ಣಿಂದಲೇ ನೋಡಿ," ಎಂದರು ಐತಾಳರು ಬಂಗಾಳಿಯಲ್ಲಿ.

ಮೊದಲ ಒಂದೂವರೆ ಮೀಟರು ಇಟ್ಟಿಗೆಯ ಚೂರು, ಸುಣ್ಣ, ಕಟ್ಟಡ ಕೆಡವಿದ ಕಸ. ಕಲ್ಲಪ್ಪನ ಕೈಗಳಲ್ಲಿ ಬೊಬ್ಬೆಗಳು ಎದ್ದವು. ಅದರ ಕೆಳಗೆ ಕಂದು ಜೇಡಿ ಬರಬೇಕಾಗಿತ್ತು. ಬಂದದ್ದು ಕರಿಯ ಲೊಳೆ, ನಾರುವ ಲೊಳೆ. ಬಸವನ ಹುಳದ ಚಿಪ್ಪುಗಳು, ಚಹಾ ಕುಡಿದು ಎಸೆದ ಮಣ್ಣಿನ ಕುಡಿಕೆಯ ತುಂಡು, ಹಾಲಿನ ಪ್ಲಾಸ್ಟಿಕ್ ಚೀಲದ ಮೂಲೆ. ಮೂರು ಮೀಟರಿನಲ್ಲಿ ಆಗರಿಗೆ ಸೆಣಬಿನ ದಾರ ಸುತ್ತಿದ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡು ಬಂತು. ಘೋಷಾಲ್ ಕಪ್ಪನ್ನು ನೆಲದ ಮೇಲೆ ಇಟ್ಟರು. ಅದು ಏನೆಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ: ನೀರಿಗೆ ಬಿಟ್ಟ ದುರ್ಗೆಯ ವಿಗ್ರಹದ ಒಳಗಟ್ಟಿನ ಹುಲ್ಲು.

ಐತಾಳರ ಕೈ ಅಭ್ಯಾಸಬಲದಿಂದ ಒಂದು ಚಿಟಿಕೆ ಲೊಳೆಯನ್ನು ಬಾಯಿಯ ಕಡೆ ಒಯ್ದಿತು.

"ಅಯ್ಯೋ, ಅದನ್ನು ಬಾಯಿಗೆ ಹಾಕ್ಬೇಡಿ ಮಾರಾಯ್ರೇ!" ಎಂದು ಮೂರನೆಯ ಅಂತಸ್ತಿನಿಂದ ಸಾವಿತ್ರಿ ಕೂಗಿದರು.

ಕಲ್ಲಪ್ಪ ಇನ್ನೊಂದು ಸರಳು ಸೇರಿಸಿದ. ಈಗ ತಿರುಗಿಸಬೇಕಾಗಲಿಲ್ಲ. ಅವನು ಎರಡೂ ಕೈಗಳನ್ನು ಅಡ್ಡಪಟ್ಟಿಯಿಂದ ತೆಗೆದು ಮೇಲೆತ್ತಿ ತೋರಿಸಿದ. ಆಗರ್ ತನ್ನ ಭಾರಕ್ಕೆ ತಾನೇ, ಯಾರೂ ಮುಟ್ಟದೆ, ನಿಧಾನವಾಗಿ ಒಳಗೆ ಹೋಗುತ್ತಿತ್ತು. ನಾಲ್ಕು ಮೀಟರು. ನಾಲ್ಕೂವರೆ. ಅಡ್ಡಪಟ್ಟಿ ಇಟ್ಟಿಗೆಯ ಚೂರಿಗೆ ತಾಗಿ ನಿಂತಿತು. ಅಲ್ಲಿ ನೆರೆದಿದ್ದ ಏಳೆಂಟು ಮಂದಿ ಒಮ್ಮೆ ಆ ಪಟ್ಟಿಯನ್ನು ನೋಡಿದರು, ಒಮ್ಮೆ ತಲೆಯ ಮೇಲೆ ಬಾಗಿ ನಿಂತಿದ್ದ ಐದು ಅಂತಸ್ತುಗಳನ್ನು ನೋಡಿದರು.

"ಪುಕುರ್ ಅಲ್ಲವೇ ಅದು," ಎಂಬ ಮಾತು ನೆಲಮಹಡಿಯ ಕಿಟಕಿಯಿಂದ ಬಂತು. ಎಂಬತ್ತು ದಾಟಿದ ಬೀಣಾಪಾಣಿ ಕಂಬಿ ಹಿಡಿದು ನಿಂತಿದ್ದಳು. ಕಟ್ಟಡ ಏಳುವ ಮೊದಲು ಅಲ್ಲಿದ್ದ ಹೆಂಚಿನ ಮನೆಯಲ್ಲಿ ಬಾಡಿಗೆಗೆ ಇದ್ದು, ಅದಕ್ಕೆ ಬದಲಾಗಿ ಈ ಒಂದು ಕೋಣೆ ಪಡೆದವಳು. "ಮದುವೆಯಾಗಿ ಬಂದ ವರ್ಷದಿಂದ ನಾನು ಬಟ್ಟೆ ಒಗೆದ ಕೆರೆ. ಪೂಜೆ ಮುಗಿದ ಮೇಲೆ ನಮ್ಮ ಓಣಿಯ ಠಾಕುರನ್ನು, ದುರ್ಗೆಯ ವಿಗ್ರಹವನ್ನು, ಅಲ್ಲೇ ಬಿಡುತ್ತಿದ್ದೆವು. ಆಮೇಲೆ ಲಾರಿ ಲಾರಿ ಕಸ ತಂದು ಮುಚ್ಚಿದರು."

"ದಿದಿಮಾ! ಇಷ್ಟು ದಿನ ಹೇಳಲೇ ಇಲ್ಲವಲ್ಲ ನೀವು!" ಎಂದು ಘೋಷಾಲ್ ಕಿರುಚಿದರು.

"ಯಾರಪ್ಪಾ ಕೇಳಿದರು? ತಾರಸಿಯ ಸಭೆಗೆ ನನ್ನ ಮಂಡಿ ಹತ್ತುತ್ತದೆಯೇ? ಮಣ್ಣಿನ ಬಾಬು ಮನೆಯಲ್ಲೇ ಇದ್ದಾನೆ, ಅವನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತಿರುತ್ತದೆ ಅಂದುಕೊಂಡೆ."

ಹದಿಮೂರು ವರ್ಷ ದಿನವೂ ಆ ಕಿಟಕಿಯ ಮುಂದೆ ಐತಾಳರು ಹಾದು ಹೋಗಿದ್ದರು. "ಭಾಲೋ ಆಛೇನ್?", ಚೆನ್ನಾಗಿದ್ದೀರಾ, ಎಂದು ಕೇಳಿ ಮುಂದೆ ನಡೆದಿದ್ದರು. ಮೂವತ್ತು ಮೀಟರು ಆಳದ ಕೆಸರಿನ ವಿಷಯ ಅವರ ನಾಲಗೆಯ ತುದಿಯಲ್ಲಿತ್ತು. ನಾಲ್ಕು ಮೀಟರಿನ ವಿಷಯ ಈ ಮುದುಕಿಯ ಬಳಿ ಇತ್ತು.

ಅಲ್ಲಿಯೇ, ಇಟ್ಟಿಗೆಯ ಚೂರುಗಳ ಮೇಲೆ ನಿಂತು, ಅವರು ಎಲ್ಲವನ್ನೂ ಹೇಳಿದರು. ಬಾಟಲಿ, ಮರದ ಚೂರು, ಫೆಬ್ರವರಿಯ ಹನ್ನೆರಡು ದಿನ, ಸಹಿ. ಕಲ್ಲಪ್ಪನ ಹೆಸರು ಬಂದಾಗ ಅವನು ಒಂದು ಹೆಜ್ಜೆ ಮುಂದೆ ಬಂದು ನಿಂತ. ಐತಾಳರು ಮಾತ್ರ "ಕೊರೆಯದವನು ಇವನು, ನೋಡದೆ ನೋಡಿದೆನೆಂದವನು ನಾನು" ಎಂದು ಮುಗಿಸಿದರು.

ಘೋಷಾಲ್ ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಗ್ಗಿದ ದನಿಯಲ್ಲಿ, "ನನ್ನ ಮೊಮ್ಮಗಳಿಗೆ ಒಂಬತ್ತು ತಿಂಗಳು," ಎಂದರು. "ಸೋಮವಾರ ಅವಳನ್ನು ಒಳಗೇ ಮಲಗಿಸಿಕೊಂಡು ಇರಿ, ಮಾಟಿ ಬಾಬು ಹೇಳಿದ್ದಾರೆ ಎಂದು ಸೊಸೆಗೆ ನಾನೇ ಹೇಳಿದ್ದೆ." ಆಮೇಲೆ ಫೋನು ತೆಗೆದು ಗುತ್ತಿಗೆದಾರನಿಗೆ ಬರಬೇಡ ಎಂದರು. ಅವನು ವಿವರ ಕೇಳಿ ಆ ಕಡೆಯಿಂದ ಹೇಳಿದ್ದನ್ನು ಘೋಷಾಲ್ ಇನ್ನೊಮ್ಮೆ ಹೇಳಿಸಿಕೊಂಡರು. ಫೋನು ಇಟ್ಟು, "ಆ ಮೂಲೆಗೆ ಒಂದು ಜ್ಯಾಕ್ ಕೊಟ್ಟಿದ್ದರೂ ಇಡೀ ಕಟ್ಟಡ ಮಗ್ಗುಲು ಹೊರಳುತ್ತಿತ್ತಂತೆ," ಎಂದರು.

ಮನೆಗಳು ಖಾಲಿಯಾಗತೊಡಗಿದವು. ಗ್ಯಾಸಿನ ಸಿಲಿಂಡರು, ಹಾಸಿಗೆ, ದೇವರ ಪಟ, ಹಾರ್ಮೋನಿಯಂ ಮೆಟ್ಟಿಲಿಳಿದವು. ಮೆಟ್ಟಿಲಲ್ಲಿ ಎದುರಾದವರು ಐತಾಳರಿಗೆ ದಾರಿ ಬಿಟ್ಟರು, ಮಾತು ಬಿಟ್ಟರು. ನಾಲ್ಕನೆಯ ಅಂತಸ್ತಿನ ಒಬ್ಬಾಕೆ ಮಾತ್ರ, ಸೋಮವಾರಕ್ಕೆ ಎರಡು ದಿನ ಮೊದಲಾದರೂ ಬಾಯಿ ತೆರೆದಿರಲ್ಲ ಎಂದು ಹೇಳಿ, ಹೇಳಿದ್ದು ಹೊಗಳಿಕೆಯೋ ಬೈಗಳೋ ತನಗೇ ತಿಳಿಯದಂತೆ ಅಳುತ್ತ ಇಳಿದಳು. ಬೀಣಾಪಾಣಿಯನ್ನು ಕುರ್ಚಿಯ ಸಮೇತ ಎತ್ತಿ ಎದುರಿನ ಕ್ಲಬ್ಬಿನ ಕೋಣೆಯಲ್ಲಿ ಕೂರಿಸಿದರು. ಸಾವಿತ್ರಿ, ದೀಕ್ಷಿತಾ ಲಕ್ಷ್ಮೀನಾರಾಯಣ ಭಾವನ ಮನೆಗೆ ಹೊರಟರು. ಆಟೋ ಹತ್ತುವ ಮುಂಚೆ ಸಾವಿತ್ರಿ ಕೇಳಿದರು: "ನೀವು ಬರುದಿಲ್ವಾ?"

"ನಾಳೆ ಪಾಲಿಕೆಯ ಎಂಜಿನಿಯರ್ ಬರ್ತಾರೆ. ಬರೆದು ಕೊಡ್ಬೇಕು."

"ಬರೀರಿ. ಈ ಸಲ ನೋಡಿ ಬರೀರಿ," ಎಂದರು ಸಾವಿತ್ರಿ. ಅವರ ದನಿಯಲ್ಲಿ ಕೋಪವಿರಲಿಲ್ಲ. ಇನ್ನೂ ಅದೇ ಬೆರಗು, ಗುರುವಾರದ್ದು. ಐಶ್ವರ್ಯಾಗೆ ಫೋನು ಮಾಡಿ, ಭಾನುವಾರ ಪಪ್ಪ ಬರುವುದಿಲ್ಲ ಎಂದು ಹೇಳುವ ಕೆಲಸವನ್ನು ದೀಕ್ಷಿತಾ ಕೇಳದೆಯೇ ವಹಿಸಿಕೊಂಡಳು.

ಭಾನುವಾರ ಹನ್ನೊಂದಕ್ಕೆ ಪಾಲಿಕೆಯ ಎಂಜಿನಿಯರ್ ಬಂದರು. ಹೆಚ್ಚು ಮಾತಿಲ್ಲದ, ಮೂವತ್ತೈದರ ಹೆಂಗಸು. ಗೋಡೆಯ ಬಿರುಕುಗಳನ್ನು ಅಳೆದು, ಆಗರಿನ ಮಣ್ಣನ್ನು ಚೀಲಕ್ಕೆ ತುಂಬಿಸಿ, ಕ್ಲಬ್ಬಿನ ಕೇರಂ ಬೋರ್ಡನ್ನು ಮೇಜು ಮಾಡಿಕೊಂಡು ಕುಳಿತರು. ಐತಾಳರು ತಮ್ಮ ಎಂದಿನ ದುಂಡು ಅಕ್ಷರಗಳಲ್ಲಿ ಹೇಳಿಕೆ ಬರೆದರು: ಮೂರನೆಯ ಬೋರು ಕೊರೆಯಲ್ಪಟ್ಟಿಲ್ಲ, ವರದಿಗೆ ಸಹಿ ಮಾಡಿದ ನಾನು ಸ್ಥಳದಲ್ಲಿ ಇರಲಿಲ್ಲ, ವಿಚಾರಿಸಲೂ ಇಲ್ಲ. ಕೆಳಗೆ ಹೆಸರು, ದಿನಾಂಕ, ಸಮಯ.

ಎಂಜಿನಿಯರ್ ಅದನ್ನು ಎರಡು ಸಲ ಓದಿದರು. "ಈ ಕಟ್ಟಡದ್ದು ಆಯಿತು," ಎಂದರು. "ಇಪ್ಪತ್ತಾರು ವರ್ಷ ಸಹಿ ಮಾಡಿದ್ದೀರಿ. ಉಳಿದವು?"

ಐತಾಳರು ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಕಲ್ಲಪ್ಪನ ಕಡೆ ನೋಡಿದರು. ಕಲ್ಲಪ್ಪ ಬೊಬ್ಬೆ ಎದ್ದ ಅಂಗೈಯನ್ನು ತೆರೆದು, ಬೆರಳು ಮಡಿಸತೊಡಗಿದ. ಒಂದು, ಎರಡು, ಮೂರು. ನಾಲ್ಕನೆಯ ಬೆರಳು ಮಡಿಸುವಾಗ ಅವನು ನಿಲ್ಲಿಸಿದ.

"ಹೇಳು," ಎಂದರು ಐತಾಳರು.

"ಅದು ಸಾಲಿ ಐತ್ರೀ," ಎಂದ ಕಲ್ಲಪ್ಪ. "ಮೂರ ಅಂತಸ್ತಿನ ಸಾಲಿ."

ಐತಾಳರಿಗೆ ಆ ಶಾಲೆ ನೆನಪಿತ್ತು. ವರದಿಯ ಸಂಖ್ಯೆಯೂ ನೆನಪಿತ್ತು. ಅವರು ಗೋಡೆಯ ಗಡಿಯಾರ ನೋಡಿದರು, ಆಮೇಲೆ ನಾಳೆ ಸೋಮವಾರ, ಮಕ್ಕಳು ಶಾಲೆಗೆ ಬರುವ ದಿನ ಎಂಬುದನ್ನು ನೆನೆದರು. ಎಂಜಿನಿಯರರ ಕಡೆ ಕೈ ಚಾಚಿ ಇನ್ನೊಂದು ಹಾಳೆ ಕೇಳಿದರು. ಮೊದಲ ಮೂರನ್ನು ಬಿಟ್ಟು, ಶಾಲೆಯ ಹೆಸರಿನಿಂದಲೇ ಬರೆಯತೊಡಗಿದರು.